ಕೆಂಪು ದೀಪದ ಮೇಲಿನ ಫೋಟೋ

ರೀ,

ಲಾರಿ ಕೀ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ನಾನು ಡ್ಯೂಟಿ ಮುಗಿಸಿ ಬರೋವರೆಗೂ ಕೊಡಲ್ಲ.

ಮಗಳಿಗೆ ಸಮುದ್ರ ತೋರಿಸ್ತೀನಿ, ಅದಕ್ಕೇ ಲಾರಿ ರೆಡಿ ಮಾಡ್ತಿದ್ದೀನಿ ಅಂತ ಊರಿಗೆಲ್ಲ ಸಾರಿದ್ರಲ್ಲ, ಮಾಡಿದ್ದೇನು? ಹೊಸ ಸೀಟ್ ಕವರು, ಹೊಸ ಹಾರ್ನು, ಬಾಗಿಲಿಗೆ ಬಣ್ಣ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಹಣ್ಣಾಗಿರೋ ಲಾರಿಗೆ ಮದುಮಗಳ ಸಿಂಗಾರ.

ಬೆಳಿಗ್ಗೆ ಪುಟ್ಟಿಯ ದಿಂಬು ಇಡೋಕೆ ಲಾರಿ ಹತ್ತಿದೆ. ಸ್ಟೇರಿಂಗ್ ಹಿಂದೆ ಅವಳ ಫೋಟೋ ಅಂಟಿಸಿದ್ರಿ. ನೋಡಿ ಕಣ್ಣು ತುಂಬಿ ಬಂತು, ನನ್ನ ಬುದ್ಧಿಗಿಷ್ಟು. ಅಂಚು ಎದ್ದಿತ್ತು ಅಂತ ಒತ್ತೋಕೆ ಹೋದ್ರೆ, ಫೋಟೋ ಹಿಂದೆ ಇಂಜಿನ್ ಕಾದಾಗ ಹತ್ತೋ ಕೆಂಪು ದೀಪ. ಆ ದೀಪದ ಕಾಟ ತಪ್ಪಿತು ಅಂದಿದ್ರಲ್ಲ, ಹೀಗಾ ತಪ್ಪಿಸಿದ್ದು?

ಇಳಿದು ಬಗ್ಗಿ ನೋಡಿದೆ. ರೇಡಿಯೇಟರ್ ಪೈಪಿಂದ ನೀರು ತೊಟ್ಟಿಕ್ತಾ ಇದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದೀನಿ, ಬರ್ತಾರೆ. ಪೈಪ್ ಇವತ್ತೇ ಬದಲಾಗಬೇಕು. ಅವರ ಮುಂದೆ ನಿಮ್ಮ ಪುರಾಣ ಬಿಚ್ಚಬೇಡಿ, ಅವರು ಹೇಳಿದ್ದು ಕೇಳಿ.

ಊಟ ಮುಚ್ಚಿಟ್ಟಿದ್ದೀನಿ. ಬಿಸಿ ಮಾಡ್ಕೊಳ್ಳಿ, ಅದಾದ್ರೂ ನಿಮ್ಮ ಕೈಲಿ ಆಗುತ್ತೆ.

ಫೋಟೋ ಕಿತ್ತು ಈ ಚೀಟಿ ಜೊತೆಗೇ ಇಟ್ಟಿದ್ದೀನಿ. ದೀಪ ಮುಚ್ಚೋಕೆ ನಿಮಗೆ ಅವಳ ಮುಖವೇ ಬೇಕಿತ್ತಾ? ನಾಳೆ ನಿಮ್ಮ ಪಕ್ಕದ ಸೀಟಲ್ಲಿ ಕೂರೋಳೂ ಅವಳೇ.