ಒಂಬತ್ತನೇ ಪಾಠದ ಮೊದಲ ವಾಕ್ಯ

ಮಾರ್ಚ್ ೧೨

ಪ್ರೀತಿಯ ತಂಗಿಗೆ,

ಗಡಿಯಾಚೆಯ ಟಪಾಲು ಮತ್ತೆ ಶುರುವಾಗಿ ಮೂರು ವಾರವಾಯಿತು. ನಿನ್ನ ಕಾಗದ ಮೊದಲ ಚೀಲದಲ್ಲೇ ಬಂತು. ಉತ್ತರಕ್ಕೆ ಇಷ್ಟು ದಿನ ಮಾಡಿದ್ದಕ್ಕೆ ಬೈಯಬೇಡ. ಬೈಯಲೇಬೇಕೆಂದರೆ ಬರೆದು ಬೈ, ಓದಲಾದರೂ ಸಿಗುತ್ತದೆ. ನಮ್ಮ ಕಡೆಯ ಶೆಲ್ ಬಿದ್ದು ಮುರಿದ ನಿನ್ನ ಎಡಗೈ ಈಗ ಭುಜದವರೆಗೆ ಏಳುತ್ತದೆ, ಪಂಪ್‌ಹೌಸಿನ ಕೆಲಸಕ್ಕೆ ಮತ್ತೆ ಹೋಗುತ್ತಿದ್ದೀಯ ಎಂದು ಓದಿ ಜೀವ ಬಂದಂತಾಯಿತು. ನಿನ್ನ ಭಾವ ಕಾಗದ ತಿರುವಿ ನೋಡಿ, "ಅಕ್ಷರ ಮೊದಲಿನಷ್ಟೇ ಕೆಟ್ಟದಾಗಿದೆ. ಅಂದ್ರೆ ಹುಷಾರಾಗಿದ್ದಾಳೆ" ಎಂದರು.

ಇಲ್ಲಿಯ ಸುದ್ದಿ ಹೇಳುತ್ತೇನೆ. ನನ್ನ ಪೌರನೀತಿ ಪುಸ್ತಕವನ್ನು ಹನ್ನೆರಡು ವರ್ಷದಿಂದ ಶಾಲೆಗಳಲ್ಲಿ ಓದಿಸುತ್ತಾರಲ್ಲ, ಅದರ ಒಂಬತ್ತನೇ ಪಾಠ ಹೀಗೆ ಶುರುವಾಗುತ್ತದೆ: 'ಪ್ರಜೆಗಳೇ ಸರ್ಕಾರವನ್ನು ಆರಿಸುವ ದೇಶಗಳು ಪರಸ್ಪರ ಯುದ್ಧ ಮಾಡುವುದಿಲ್ಲ.' ಆ ಹನ್ನೊಂದು ದಿನಗಳ ಯುದ್ಧ ಮುಗಿದು ಶಾಲೆ ತೆರೆದ ಮೇಲೆ ಅದೇ ಪಾಠದ ಸರದಿ ಬಂತು. ಅಭ್ಯಾಸಬಲ ನೋಡು, ಗಟ್ಟಿಯಾಗಿ ಓದಿಬಿಟ್ಟೆ. ಆಂಬುಲೆನ್ಸ್ ಡ್ರೈವರನ ಮಗಳು ಎದ್ದು ನಿಂತಳು.

"ಟೀಚರ್, ಇಲ್ಲೂ ವೋಟು ಹಾಕ್ತೀವಿ, ಅಲ್ಲೂ ಹಾಕ್ತಾರೆ. ಹಾಗಾದ್ರೆ ನಮ್ಮಪ್ಪ ಹನ್ನೊಂದು ದಿನ ಗಾಡೀಲಿ ಯಾರನ್ನ ಸಾಗಿಸಿದ್ರು?"

"ನಾಳೆ ಹೇಳ್ತೀನಮ್ಮ" ಅಂದೆ.

ಪಠ್ಯಪುಸ್ತಕ ಸಮಿತಿಯ ಮುಂದೆ ವಿಷಯ ಇಟ್ಟೆ. ಅಧ್ಯಕ್ಷರಿಗೆ ಅದು ದೊಡ್ಡ ಮಾತೇ ಅಲ್ಲ. "ಆಚೆಯವರದ್ದು ನಿಜವಾದ ಪ್ರಜಾಪ್ರಭುತ್ವ ಅಲ್ಲ ಅಂತ ಒಂದು ಸಾಲು ಸೇರಿಸಿ, ಸಾಕು."

"ಅವರದ್ದೂ ನಿಜವಾದದ್ದೇ ಅಂತ ಹೋದ ವರ್ಷ ನಾವೇ ಅಚ್ಚು ಹಾಕಿಸಿದ್ದೀವಲ್ಲ ಸರ್?"

"ಆಗ ಯುದ್ಧ ಆಗಿರ್ಲಿಲ್ಲ."

ನಿಮ್ಮ ಕಡೆಯ ಪುಸ್ತಕದಲ್ಲೂ ನಮ್ಮ ಬಗ್ಗೆ ಇದೇ ಸಾಲು ಸೇರುತ್ತಿರಬೇಕು. ಕಾದಾಡಿದವರನ್ನೆಲ್ಲ ಪಟ್ಟಿಯಿಂದ ಹೊಡೆದುಹಾಕುತ್ತ ಹೋದರೆ ಆ ವಾಕ್ಯ ಯಾವತ್ತೂ ಸೋಲುವುದಿಲ್ಲ. ಫೇಲಾದವರ ಹೆಸರು ಹಾಜರಿ ಪುಸ್ತಕದಿಂದ ತೆಗೆದು, ನಮ್ಮ ಶಾಲೆಗೆ ನೂರಕ್ಕೆ ನೂರು ಎಂದು ಬೋರ್ಡು ಬರೆಸಿದ ಹಾಗೆ.

ಸಾಲು ಸೇರಿಸಲಿಲ್ಲ. ಒಂದು ವಾರ ಪುಸ್ತಕ ಮುಚ್ಚಿಟ್ಟು, ನಮ್ಮಿಬ್ಬರ ದೇಶಗಳು ಇಷ್ಟು ವರ್ಷ ಯಾಕೆ ಸುಮ್ಮನಿದ್ದವು ಎಂದು ಮಕ್ಕಳನ್ನೇ ಕೇಳಿದೆ. ಇಬ್ಬರಿಗೂ ಒಬ್ಬನೇ ದೊಡ್ಡ ನೆರೆಯವನ ಭಯವಿತ್ತು ಎಂದಳು ಒಬ್ಬಳು. ನಮ್ಮ ಕರೆಂಟು ಅವರಿಗೆ, ಅವರ ಗೋಧಿ ನಮಗೆ ಬೇಕಿತ್ತು ಎಂದ ಇನ್ನೊಬ್ಬ. ಎರಡೂ ಕಡೆ ಚುನಾವಣೆ ಶುರುವಾಗಿಯೇ ಹದಿನೈದು ವರ್ಷ, ನೀವು ಪುಸ್ತಕ ಬರೆದಾಗ ಬರೀ ಮೂರು, ಅಷ್ಟು ನೋಡಿ ನಿಯಮ ಮಾಡಿಬಿಟ್ಟಿರಾ ಎಂದು ಮತ್ತೊಬ್ಬಳು ನನ್ನನ್ನೇ ಹಿಡಿದಳು. ಡ್ರೈವರನ ಮಗಳು ಹಳೆಯ ಪತ್ರಿಕೆಗಳನ್ನು ಹರಡಿಕೊಂಡು ಕೂತು, ಯುದ್ಧಕ್ಕೆ ಮುಂಚೆ ಸಂಸತ್ತಿನಲ್ಲಿ ಚರ್ಚೆ ನಡೆದದ್ದು ನಲವತ್ತು ನಿಮಿಷ ಎಂದು ಹುಡುಕಿ ತೆಗೆದಳು. "ನಮ್ಮ ಶಾಲೆ ಸಮವಸ್ತ್ರದ ಬಣ್ಣಕ್ಕೇ ಎರಡು ದಿನ ಚರ್ಚೆ ಮಾಡಿದ್ವಿ ಟೀಚರ್" ಎಂದಳು.

ಇದನ್ನೆಲ್ಲ ಸೇರಿಸಿ ಪಾಠವನ್ನು ಹೊಸದಾಗಿ ಬರೆದೆ. ಹಳೆಯ ಮೊದಲ ವಾಕ್ಯದ ಜಾಗದಲ್ಲಿ ಆ ಹುಡುಗಿಯ ಪ್ರಶ್ನೆ ಇದೆ. ವೋಟಿನಿಂದ ಪ್ರಯೋಜನವಿಲ್ಲ ಎಂದು ನಾನು ಬರೆದಿಲ್ಲ. ವೋಟು ಹಾಕಿ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಶಾಂತಿ ತಾನಾಗಿ ಕಾಯುತ್ತ ಕೂರುವುದಿಲ್ಲ ಎಂದಷ್ಟೇ ಬರೆದೆ. ಅಧ್ಯಕ್ಷರು ಕೆಂಡವಾದರು. ಸಮಿತಿಯಲ್ಲಿ ಕೈ ಎತ್ತಿಸಿದರು. ಮೂರು ಮೂರು ಆಯಿತು. ಉಳಿದವರು ಒಬ್ಬರೇ, ಯಾವತ್ತೂ ಅಧ್ಯಕ್ಷರ ಮಾತು ಮೀರದ ಗಣಿತದ ಮೇಷ್ಟ್ರು.

"ತಾಳೆ ಆಗದಿದ್ರೆ ಸೂತ್ರ ತಿದ್ದಬೇಕು ಸರ್. ಅಂಕಿಗಳನ್ನ ಹೊರಗೆ ಹಾಕೋದಲ್ಲ" ಎಂದು ನಿಧಾನವಾಗಿ ಕೈ ಎತ್ತಿದರು.

ಪಾಠ ಜೂನಿನಲ್ಲಿ ಅಚ್ಚಾಗುತ್ತದೆ. ಅದರ ಉಳಿದರ್ಧ ನಿಮ್ಮ ಕಡೆಯವರು ಬರೆಯಬೇಕೆಂದು ನನ್ನ ಆಸೆ. ನಿಮ್ಮ ಬೀದಿಯಲ್ಲಿ ಚರಿತ್ರೆ ಟೀಚರ್ ಇದ್ದಾರೆ ಅಂದಿದ್ದೆಯಲ್ಲ, ಒಂದು ಮಾತು ಕೇಳಿ ನೋಡು. ಪ್ರತಿ ಜೊತೆಗಿದೆ. ನಮ್ಮನ್ನು ಬೈದು ಬರೆದರೂ ಸರಿ, ಅಚ್ಚು ಹಾಕಿಸುವ ಜವಾಬ್ದಾರಿ ನನ್ನದು.

ನೀನೂ ನಿನ್ನ ಮನೆಯವರೂ ತಣ್ಣಗಿರಿ. ಮಕ್ಕಳ ಕಾಲದಲ್ಲಿ ನಮ್ಮಿಬ್ಬರ ನಡುವಿನ ಆ ಗಡಿ ನದಿಯ ಎರಡು ದಡದಲ್ಲೂ ಬರೀ ಬಟ್ಟೆ ಒಣಗಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಪಾಠದಲ್ಲಿ ಬರೆಯುವ ಧೈರ್ಯ ಬರಲಿಲ್ಲ. 'ಆಚೆ ದಡಕ್ಕೆ ಬುದ್ಧಿ ಕಲಿಸುತ್ತೇವೆ' ಎಂದವರಿಗೇ ನಾನು ವೋಟು ಹಾಕಿದ್ದು. ಯಾರೂ ಒತ್ತಾಯ ಮಾಡಿರಲಿಲ್ಲ. ಅವರು ಶಾಲೆಗಳಿಗೆ ಹೊಸ ಕಟ್ಟಡ ಕೊಡುತ್ತೇವೆ ಅಂದಿದ್ದರು. ಉಳಿದದ್ದು ಭಾಷಣದ ಮಾತು ಅಂದುಕೊಂಡೆ. ಮತಗಟ್ಟೆಯಲ್ಲಿ ನಿಂತಾಗ ಆಚೆ ದಡ ಅಂದರೆ ನೀನು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಮುಂದಿನ ತಿಂಗಳು ಸೇತುವೆ ತೆರೆಯುತ್ತಾರಂತೆ. ಇದನ್ನು ಓದಿದ ಮೇಲೂ ನೀನು ಬಾ ಅಂದರೆ, ಮೊದಲ ಬಸ್ಸಿಗೇ ಬರುತ್ತೇನೆ.