ಗೋಡೆಯಾಚೆ ಅತ್ತ ತಾಯಿಗೆ

ರಾಯಚೂರು
ಫೆಬ್ರವರಿ 30, 2214

ಹೆಸರು ಗೊತ್ತಿಲ್ಲದ ತಾಯಿಗೆ ನಮಸ್ಕಾರ.

ಮೇಲಿನ ದಿನಾಂಕ ಅಚ್ಚಿನ ತಪ್ಪಲ್ಲ. ತಿಂಗಳುಗಳನ್ನು ಸರಿಸಮ ಮಾಡಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಅಂಚೆ ನಮ್ಮಲ್ಲಿದೆ. ಆದರೆ ಅದು ಅಷ್ಟು ನಂಬಿಕಸ್ಥವಲ್ಲ. ವರ್ಷ ಸರಿಹೋದರೆ ಓಣಿ ತಪ್ಪುತ್ತದೆ. ಇದು ಬೇರೆಯವರ ಕೈಗೆ ಬಿದ್ದರೆ ಅವರು ದಯವಿಟ್ಟು ಓಣಿಯಲ್ಲಿ ವಿಚಾರಿಸಿ, ಈಚೆಗೆ ಮಗನನ್ನು ಕಳೆದುಕೊಂಡ ಆ ತಾಯಿಗೆ ಓದಿ ಹೇಳಬೇಕು.

ನಾನು ಇಲ್ಲಿನ ದಿನಪತ್ರಿಕೆಯ ವರದಿಗಾರ. ಊರ ಹೊರಗೆ, ನದಿಯ ಹತ್ತಿರ, ಹಿಂದೆ ಕರೆಂಟು ತಯಾರಿಸುತ್ತಿದ್ದ ಸ್ಥಾವರದ ದೊಡ್ಡ ಗೋಪುರವೊಂದು ಉಳಿದಿದೆ. ಬಿಸಿನೀರು ತಣಿಸಲು ಕಟ್ಟಿದ್ದು. ನಡು ಸಣ್ಣ, ತಲೆ ಬಯಲು. ಒಳಗೆ ನಿಂತು ಕೆಮ್ಮಿದರೂ ಸುತ್ತು ಹೊಡೆದು ಮರಳಿ ಬರುತ್ತದೆ. ಅದೇ ಈಗ ನಮ್ಮ ರಂಗಮಂದಿರ. ಮಧ್ಯಾಹ್ನವೆಂಬುದು ನಮ್ಮ ಬಿಸಿಲಿನಲ್ಲಿ ಕದ ಹಾಕಿ ಮಲಗುವ ಹೊತ್ತಾದ್ದರಿಂದ ತಾಲೀಮು ಹೊತ್ತು ಇಳಿದ ಮೇಲೆ ನಡೆಯುತ್ತದೆ. ಮುನೀರ್ ಎಂಬ ಸಂಗೀತಗಾರ ಅಲ್ಲಿ ಹಳೆಯ ಗ್ರೀಕ್ ದುರಂತ ನಾಟಕವೊಂದನ್ನು ಸ್ವರನಾಟಕ ಮಾಡುತ್ತಿದ್ದಾನೆ. ನಿಮ್ಮ ಕಾಲದವರು ಒಪೆರಾ ಎನ್ನುತ್ತಿದ್ದುದು ಇದನ್ನೇ: ಮಾತೆಲ್ಲ ಹಾಡು. ಯುದ್ಧದಲ್ಲಿ ಸತ್ತ ಮಗನನ್ನು ಮನೆಗೆ ತರುವ ತಾಯಿಯ ಕಥೆ. ನಮ್ಮ ಕಾಲದಲ್ಲಿ ಮರಳಿನಡಿ ದೊರೆತ ಹರುಕು ಪ್ರತಿ ಅದು, ಬರೆದವರ ಹೆಸರಿದ್ದ ತುದಿ ಹೋಗಿದೆ. ತಾಯಿ ಮಗನ ಮುಖ ನೋಡುವ ಕಡೆ ಅದರಲ್ಲಿ ಮಾತಿಲ್ಲ. 'ಅಯ್, ಅಯ್' ಎಂಬ ಕೂಗಷ್ಟೇ ಇದೆ.

ಮುನೀರ್ ಸಿಕ್ಕಿಬಿದ್ದದ್ದು ಅಲ್ಲಿ. ಉಳಿದದ್ದೆಲ್ಲ ಕನ್ನಡಕ್ಕೆ ಬಂತು, ಆ ಕೂಗು ಬರಲಿಲ್ಲ. ಏಕೆಂದರೆ ನಮ್ಮಲ್ಲಿ ಯಾರಿಗೂ ಗಟ್ಟಿಯಾಗಿ ಅಳಲು ಬರುವುದಿಲ್ಲ. ನಾವು ಜೇನುಮನೆಗಳಲ್ಲಿ ಇರುತ್ತೇವೆ, ಅಂದರೆ ಆರು ಕಡೆಯೂ ಇನ್ನೊಬ್ಬರ ಮನೆ ಅಂಟಿಕೊಂಡ ಸಣ್ಣ ಮನೆಗಳು. ಸದ್ದು ಮಾಡುವುದು ಅಲ್ಲಿ ಅಸಭ್ಯತೆ. ಸಾವಾದರೆ ಮನೆಯವರನ್ನು ಹಗುರಕೋಣೆಗೆ ಕರೆದೊಯ್ಯುತ್ತಾರೆ. ಮೆತ್ತಗಿನ ಬೆಳಕಿನಲ್ಲಿ ಕೂರಿಸಿ, ಉಸಿರನ್ನು ನಿಧಾನ ಮಾಡಿಸಿ ಕಳುಹಿಸುತ್ತಾರೆ. ಅಲ್ಲಿನವರು ಒಳ್ಳೆಯ ಜನ, ಬಹಳ ಮಂದಿಗೆ ಉಪಕಾರವೂ ಆಗಿದೆ. ಆದರೆ ಮುನೀರ್ ಬರೆದ ಮೊದಲ ಕೂಗನ್ನು ಹಾಡಿ ನೋಡಿದ ರಾಚಮ್ಮ ನಕ್ಕುಬಿಟ್ಟಳು. "ಇದು ಅಳೋದಲ್ಲೋ ತಮ್ಮಾ, ಹಲ್ಲು ನೋವು."

ರಾಚಮ್ಮ ತಾಯಿಯ ಪಾತ್ರ ಮಾಡುವ ಹಾಡುಗಾರ್ತಿ. ಹೋದ ವರ್ಷ ಜ್ವರದಲ್ಲಿ ಅವಳ ಮಗಳು ತೀರಿಕೊಂಡಳು. ಅವಳೂ ಹಗುರಕೋಣೆಗೆ ಹೋಗಿ ಬಂದವಳೇ. ಅಂದಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರನ್ನು ಯಾರೂ ಕಂಡಿರಲಿಲ್ಲ.

ಹಿಂದೆ ಈ ಕಡೆಯ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಿದ್ದರೆಂದು ಮುನೀರ್ ಎಲ್ಲೋ ಓದಿದ್ದ. ಹಳೆಯ ದನಿಗಳನ್ನು ಕೂಡಿಟ್ಟಿರುವ ಧ್ವನಿಕಣಜವನ್ನೆಲ್ಲ ಜಾಲಾಡಿದ. ನಿಮ್ಮ ಕಾಲದ ಮದುವೆಗಳಿವೆ, ಭಾಷಣಗಳಿವೆ, ಲೆಕ್ಕವಿಲ್ಲದಷ್ಟು ಹಾಡುಗಳಿವೆ. ಅಳು ಮಾತ್ರ ಇಲ್ಲ. ಸಾವಿನ ಮನೆಯಲ್ಲಿ ಫೋನ್ ಎತ್ತಿ ಹಿಡಿಯಲು ನಿಮ್ಮವರಿಗೆ ಮನಸ್ಸು ಬಂದಿರಲಾರದು. ಕೊನೆಗೆ ಸಿಕ್ಕಿದ್ದು ನಿಮ್ಮ ನೆರೆಮನೆಯವನ ವಾಯ್ಸ್ ಮೆಸೇಜ್. "ಏ ಭೀಮಾ, ನಳಾ ಬಂದಾವ ನೋಡು, ಜಲ್ದಿ ಮೋಟರ್ ಹಚ್ಚು," ಎನ್ನುತ್ತಾನೆ ಅವನು. ಅವನ ಮಾತಿನ ಹಿಂದೆ, ಗೋಡೆಯಾಚೆಯಿಂದ, ನೀವು.

"ಉಣ್ಣಾಕ ಬರ್ತೀನಂದಿದ್ದೆಲ್ಲೋ ನನ್ನ ಹಡದಪ್ಪಾ, ಮುಚ್ಚಿಟ್ಟ ತಾಟು ಯಾರ ಮುಂದ ಇಡ್ಲೋ..."

ಆಮೇಲೆ ನಿಮ್ಮ ಮಗನ ಹೆಸರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೆಸೇಜ್ ಮುಗಿಯುವ ಮುನ್ನ ಆ ಮನುಷ್ಯ ದನಿ ತಗ್ಗಿಸಿ ತನ್ನ ಮನೆಯ ಯಾರಿಗೋ ಹೇಳುತ್ತಾನೆ: "ಅಕಿ ಮುಂಜಾನಿಂದ ಏನೂ ಉಂಡಿಲ್ಲ. ಎರಡು ರೊಟ್ಟಿ ಕೊಟ್ಟು ಬಾ, ಕುಂತು ತಿನ್ನಿಸಿ ಬಾ."

ಗೋಪುರದೊಳಗೆ ಮುನೀರ್ ಅದನ್ನು ಕೇಳಿಸಿದ ದಿನ ನಾನೂ ಇದ್ದೆ. ನಿಮ್ಮ ದನಿ ಸುತ್ತು ಹೊಡೆದು ಮೇಲೇರಿತು. ರಾಚಮ್ಮ ನಿಂತಲ್ಲೇ ಕುಳಿತಳು. ಆಮೇಲೆ ನಿಮ್ಮದೇ ಎಳೆತದಲ್ಲಿ, "ನನ್ನ ಹಡದವ್ವಾ," ಎಂದಳು. ಮಗಳನ್ನು ಕರೆದದ್ದು. ನಮಗೆ ಹತ್ತಿರ ಹೋಗಿ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಳದ, ಅಂದರೆ ಜೊತೆಗೆ ನಿಂತು ಹಾಡುವ ಗುಂಪಿನ, ಹೆಂಗಸೊಬ್ಬಳು ತನ್ನ ಊಟದ ಡಬ್ಬಿ ಬಿಚ್ಚಿ ಅವಳ ಪಕ್ಕ ಇಟ್ಟು, ಅಲ್ಲೇ ಕುಳಿತಳು. ಗ್ರೀಕ್ ನಾಟಕದಲ್ಲಿ ಮೇಳವೆಂಬುದು ಏಕಿದೆ, ಸಾವನ್ನು ತಡೆಯಲಾರದವರು ಕೊನೆಯವರೆಗೆ ಏಕೆ ನಿಂತಿರುತ್ತಾರೆ ಎಂದು ಮುನೀರ್ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಅಂದು ಅವನು ಮೇಳದ ಹಾಡನ್ನೆಲ್ಲ ತೆಗೆದು ನಿಮ್ಮ ಓಣಿಯವನ ರೊಟ್ಟಿಯ ಮಾತನ್ನು ಅಲ್ಲಿ ಬರೆದ.

ಆದರೆ ರಾಚಮ್ಮ ಮುಖ ತೊಳೆದುಕೊಂಡು ಬಂದು ಒಂದೇ ಮಾತು ಹೇಳಿದಳು. "ನಾ ಇದನ್ನ ಮಂದಿ ಮುಂದ ಹಾಡಂಗಿಲ್ಲ."

"ಅಕ್ಕಾ, ಈಗ ತಾನೇ ಹಾಡಿದಿ!" ಎಂದ ಮುನೀರ್.

"ಹಾಡಿಲ್ಲ, ಅಕಿ ಜೋಡಿ ಅತ್ತೀನಿ. ಅಕಿ ಅತ್ತದ್ದು ಮಗಗ. ಕೇಳದ ಒಯ್ದು ಚಪ್ಪಾಳಿ ಹೊಡಿಸ್ಕೊಳ್ಳಾಕ ನನಗ ಆಗೂದಿಲ್ಲ." ನನ್ನ ಕಡೆ ತಿರುಗಿ, "ಏ ಪೇಪರಣ್ಣಾ, ದಿನಾ ಊರ ಸುದ್ದಿ ಬರಿತೀಯಲ್ಲ, ಅಕಿಗೊಂದು ಕಾಗದ ಬರಿ. ಹೂಂ ಅಂದ್ರ ಹಾಡ್ತೀನಿ. ಒಲ್ಲೆ ಅಂದ್ರ ಆ ಜಾಗದಾಗ ಸುಮ್ನ ನಿಂದರ್ತೀನಿ," ಎಂದಳು.

ಅದಕ್ಕೇ ಈ ಪತ್ರ. ನಿಮ್ಮ ಮಗ ಹೇಗೆ ಹೋದನೆಂದು ನಮಗೆ ತಿಳಿಯದು, ಹುಡುಕಿದರೂ ಸಿಗಲಿಲ್ಲ. ತಿಳಿದಿದ್ದರೆ ಇದನ್ನು ಆ ದಿನಕ್ಕಿಂತ ಮುಂಚೆ ತಲುಪುವಂತೆ ಕಳುಹಿಸಿ, ಮೊದಲ ಸಾಲಿನಲ್ಲೇ ಎಚ್ಚರಿಸುತ್ತಿದ್ದೆ. ಈಗ ನಾವು ಕೇಳಬಹುದಾದದ್ದು ಇಷ್ಟೇ. ನಿಮ್ಮ ಅಳುವನ್ನು ರಾಚಮ್ಮ ಹಾಡಬಹುದೇ? ಮಗನ ಹೆಸರು ಬರುವ ಕಡೆ ಅವಳು 'ಅಯ್, ಅಯ್' ಎನ್ನುತ್ತಾಳೆ. ಹೆಸರು ನಿಮ್ಮದೇ ಆಗಿ ಉಳಿಯುತ್ತದೆ. ಒಪ್ಪಿಗೆಯಾದರೆ ನೀವೇನೂ ಮಾಡಬೇಕಿಲ್ಲ. ಬೇಡವೆನಿಸಿದರೆ ನೆರೆಮನೆಯವನಿಗೆ ಆ ನೀರಿನ ಮೆಸೇಜ್ ಅಳಿಸಿಬಿಡಲು ಹೇಳಿ. ಅಲ್ಲಿ ಅಳಿಸಿದರೆ ನಮ್ಮ ಕಣಜದಲ್ಲೂ ಅದು ಇರುವುದಿಲ್ಲ. ಯಾರಿಗೂ ಬೇಸರವಿಲ್ಲ.

ಇಲ್ಲಿಯವರೆಗಿನದನ್ನು ಅಂಚೆಗೆ ಹಾಕಿ ಇಂದಿಗೆ ಒಂದು ವಾರವಾಯಿತು; ಇದು ಅದರ ಮುಂದಿನ ಭಾಗ. ದಿನವೂ ರಾಚಮ್ಮ ಬಂದವಳೇ, "ಐತೇನೋ?" ಎನ್ನುತ್ತಾಳೆ. ಮುನೀರ್ ಆ ಮೆಸೇಜ್ ಹಚ್ಚಿ ನೋಡುತ್ತಾನೆ. ನಾಟಕ ಇಂದು ಸಂಜೆ. ಬೆಳಿಗ್ಗೆ ಮೂವರೂ ಕಣಜದ ಮುಂದೆ ಕುಳಿತೆವು. ನಳ ಬಂತೆಂದು ಆ ಮನುಷ್ಯ ಕೂಗಿದ. ರಾಚಮ್ಮ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ನೀವು ಬಂದಿರಿ, ತಾಟು, ಹೆಸರು, ಎಲ್ಲ.

"ಹೂಂ ಅಂದಾಳ," ಎಂದಳು ರಾಚಮ್ಮ. ಬಾಗಿಲ ತನಕ ಹೋದವಳು ತಿರುಗಿ ನಿಂತು, ಇದನ್ನೂ ಬರೆ ಎಂದಳು. ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: "ಯವ್ವಾ, ಆ ರೊಟ್ಟಿ ತಿನ್ನು."