ಗರಿಷ್ಠ ಮಿತಿ ೯ ಮೀಟರ್

ಗಂಗೊಳ್ಳಿ, ೩೦ ಫೆಬ್ರವರಿ ೨೧೮೭

೨೦೨೭ರ ಕಡಲ ಉಪಕರಣಗಳ ಪದಕೋಶ ಸಮಿತಿಯ ಸದಸ್ಯರಿಗೆ,

೨೦೨೭ರ ಜೂನ್ ಹನ್ನೆರಡರಂದು ನೀವು ಒಪ್ಪಿ ಸಹಿ ಹಾಕಿದ ಒಂದು ಪದ, ನೂರ ಐವತ್ತೊಂಬತ್ತು ವರ್ಷಗಳ ನಂತರ, ಕಳೆದ ನವೆಂಬರಿನಲ್ಲಿ, ನಮ್ಮೂರಿನ ಗುಲಾಬಿ ಮೊಗವೀರಳ ಎಡಗಾಲನ್ನು ಕೆಡಿಸಿತು. ಫೆಬ್ರವರಿಗೆ ಮೂವತ್ತು ದಿನ ಬಂದದ್ದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ. ನನ್ನ ಮಾತುಗಳೂ ಈ ತಾರೀಖಿನಷ್ಟೇ ವಿಚಿತ್ರವಾಗಿ ಕಂಡರೆ ಕ್ಷಮಿಸಿ.

ನಮ್ಮ ಕರಾವಳಿಯ ವಿದ್ಯುತ್ತು ಗಾಳಿಮರಗಳಿಂದ ಬರುತ್ತದೆ. ಕಡಲಿನಲ್ಲಿ ತೇಲುವ ಗಾಳಿಯಂತ್ರಗಳಿಗೆ ನಾವಿಟ್ಟ ಹೆಸರು ಅದು. ಅವನ್ನು ಹಿಡಿದಿಟ್ಟ ಸರಪಳಿಗಳು ಅರವತ್ತು ಮೀಟರ್ ಕೆಳಗಿವೆ; ಅಲ್ಲಿಗಿಳಿದು ಬಲೆ, ಚಿಪ್ಪು ಬಿಡಿಸುವವರು ಬೇರುಗಾರರು. ಅವರು ಹೀಲಿಯಂ ಬೆರೆಸಿದ ಗಾಳಿ ಉಸಿರಾಡುತ್ತ ಇಳಿಯುತ್ತಾರೆ, ಏರುವಾಗ ಎರಡು ಸಲ ಸಿಲಿಂಡರ್ ಬದಲಿಸುತ್ತಾರೆ. ಮೈಯೊಳಗೆ ಸೇರಿದ ಅನಿಲ ಹೊರಹೋಗುವವರೆಗೆ ಅಲ್ಲಲ್ಲಿ ನಿಂತೇ ಏರಬೇಕು; ಇಲ್ಲದಿದ್ದರೆ ಅದು ಗುಳ್ಳೆಗಳಾಗಿ ನರಗಳನ್ನು ಕೆಡಿಸುತ್ತದೆ. ಸದ್ಯಕ್ಕೆ ಇಷ್ಟು ಮೀಟರಿಗಿಂತ ಮೇಲೆ ಬರಬಾರದು ಎಂಬ ಗೆರೆಯನ್ನು ಅವರು ‘ಮಾಡು’ ಎನ್ನುತ್ತಾರೆ. ನಮ್ಮ ಕಡೆ ಮನೆಯ ಸೂರಿಗೂ ಅದೇ ಹೆಸರು. ಆ ಲೆಕ್ಕವನ್ನು ಮಣಿಕಟ್ಟಿನ ಮೇಲೆ ತೋರಿಸುವ ಯಂತ್ರವೇ ಕೈಲೆಕ್ಕ. ನೀವು ಡೈವ್ ಕಂಪ್ಯೂಟರ್ ಎನ್ನುತ್ತಿದ್ದಿರಿ.

ಗುಲಾಬಿ ಆಳದ ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಕೈಗೆಟುಕುವ ಬೆಲೆಯ ಕೈಲೆಕ್ಕಕ್ಕಾಗಿ ಮೂರು ತಿಂಗಳು ಹುಡುಕಿದಳು. ಅಗ್ಗದವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಅನಿಲದ ಲೆಕ್ಕ ಗೊತ್ತು. ಕೆಲವು, ಇಳಿದವರು ನಿಯಮ ಮೀರಿದೊಡನೆ ಮುನಿಸಿಕೊಂಡು ಎರಡು ದಿನ ಲೆಕ್ಕ ಹೇಳುವುದನ್ನೇ ನಿಲ್ಲಿಸುತ್ತವೆ, ನೀರಿನೊಳಗಿರುವವರ ಗತಿಯೇನು? ಮೂರು ಅನಿಲ ಬಲ್ಲ, ಮುನಿಸಿಕೊಳ್ಳದ, ಬ್ಯಾಟರಿಯನ್ನು ಮನೆಯಲ್ಲೇ ಬದಲಿಸಬಹುದಾದ ಒಂದೇ ಒಂದು ಸಿಕ್ಕಿತು. ಅದರ ಪರದೆ ಕನ್ನಡದಲ್ಲಿತ್ತು.

“ಹ್ವಾಯ್ ಗುಲಾಬಿ, ಇದನ್ನ್ ಕಟ್ಕಂಡ್ ಇಳಿದ್ರೆ ಮೀನ್ ನೆಗಾಡತ್ತೊ,” ಎಂದನಂತೆ ಅಂಗಡಿಯವ.

“ನೆಗಾಡ್ಲಿ ಮಾರಾಯಾ. ನಿನ್ನ್ ದುಬಾರಿದ್ಕೆ ಕನ್ನಡ ಬತ್ತಿಲ್ಲೆ ಅಲ್ದಾ?”

ನವೆಂಬರಿನ ಆ ದಿನ ಸರಪಳಿಗೆ ಸುತ್ತಿದ್ದ ಬಲೆ ಬೇಗ ಬಿಡಲಿಲ್ಲ. ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕೆಂದು ಸ್ಲೇಟಿನಲ್ಲಿ ಬರೆದೊಯ್ದ ಲೆಕ್ಕದ ಸಮಯ ಮೀರಿತು. ನಂಬಲು ಉಳಿದದ್ದು ಕೈಲೆಕ್ಕ ಮಾತ್ರ. ಹನ್ನೆರಡು ಮೀಟರಿಗೆ ಏರಿದಾಗ ಪರದೆಯಲ್ಲಿ ಕಂಡದ್ದು: ‘ಗರಿಷ್ಠ ಮಿತಿ ೯ ಮೀ.’ ಕನ್ನಡ ಓದಬಲ್ಲ ಯಾರಾದರೂ ಮಾಡುವ ಅರ್ಥವನ್ನೇ ಅವಳು ಮಾಡಿಕೊಂಡಳು: ಒಂಬತ್ತಕ್ಕಿಂತ ಆಳದಲ್ಲಿರಬೇಡ. ಏರಿದಳು. ಎಂಟು ಮೀಟರಿನಲ್ಲಿ ಅದು ಕೂಗತೊಡಗಿತು, ಅದೇ ಅಕ್ಷರಗಳು ಕೆಂಪಗೆ ಮಿನುಗಿದವು. ಇನ್ನೂ ಮೇಲೆ ಹೋಗು ಎನ್ನುತ್ತಿದೆ ಎಂದುಕೊಂಡು ಇನ್ನೂ ಏರಿದಳು. ದೋಣಿಯವರು ಎತ್ತಿಕೊಂಡಾಗ ಎಡಗಾಲಿನಲ್ಲಿ ಸ್ಪರ್ಶವಿರಲಿಲ್ಲ.

ಇಂಗ್ಲಿಷಿನ ‘ಸೀಲಿಂಗ್’ಗೆ ಸೂರಿನ ಅರ್ಥದ ಪದ ಹುಡುಕಬೇಕಿದ್ದ ನೀವು ಸರ್ಕಾರಿ ಸುತ್ತೋಲೆಗಳ ಕಡತದಿಂದ ಒಂದನ್ನು ಎತ್ತಿಕೊಂಡಿರಿ. ಸಂಬಳಕ್ಕೂ ಭೂಮಿಗೂ ‘ಗರಿಷ್ಠ ಮಿತಿ’ ಸರಿ. ನೀರಿನಲ್ಲಿ ಅದು ತಲೆಕೆಳಗು: ಒಂಬತ್ತಕ್ಕಿಂತ ಮೇಲೆ ಬರಬೇಡ ಎಂಬುದು ಒಂಬತ್ತಕ್ಕಿಂತ ಕೆಳಗಿರಬೇಡ ಎಂದಾಯಿತು. ಒಬ್ಬ ಮುಳುಗುಗಾರನನ್ನು ಕರೆದು ಕೇಳಲು ಅರ್ಧ ಗಂಟೆ ಸಾಕಿತ್ತು. ಈ ಕೈಲೆಕ್ಕ ಮಾಡಿದವರು ನಿಮ್ಮ ಪಟ್ಟಿಯನ್ನು ಅಕ್ಷರ ಬಿಡದೆ ಇಳಿಸಿಕೊಂಡರು.

ಕಡಲ ಮಂಡಳಿಯ ವಿಚಾರಣೆಯಲ್ಲಿ ಹೇಳಿದ್ದು: ಪದ ಮಾನ್ಯವಾದದ್ದು, ಅದಕ್ಕೆ ತಿದ್ದುಪಡಿ ಬಂದ ದಾಖಲೆಯಿಲ್ಲ, ಆದ್ದರಿಂದ ತಪ್ಪು ಅಗ್ಗದ ಯಂತ್ರ ಆರಿಸಿದವಳದು. ಅವಳ ಹೆಸರನ್ನು ಜೆಟ್ಟಿಯ ಫಲಕದಲ್ಲಿ ‘ಅಜಾಗರೂಕರು’ ಎಂಬ ಸಾಲಿನ ಕೆಳಗೆ ಬರೆದಿದ್ದಾರೆ. ಕೋಲೂರಿ ನಡೆಯುವ ಅವಳು ಹೊಸಬರಿಗೆ ಪಾಠ ಹೇಳಬೇಕೆಂದಿದ್ದಳು; ಫಲಕದಲ್ಲಿ ಹೆಸರಿರುವವರಿಗೆ ಆ ಅನುಮತಿಯಿಲ್ಲ. ಅವಳ ಪರವಾಗಿ ನಾನು ಹಾಕಿದ ಮೇಲ್ಮನವಿಯ ವಿಚಾರಣೆ ಮಾರ್ಚ್ ಹತ್ತಕ್ಕೆ. ತಿದ್ದುಪಡಿಯ ದಾಖಲೆ ತಂದರೆ ಹೆಸರು ಅಳಿಸುತ್ತಾರಂತೆ.

ಈ ಪತ್ರ ಸಹಿಗೆ ಮೊದಲೇ ತಲುಪಿದರೆ ಆ ಪದವನ್ನು ಹೊಡೆದುಹಾಕಿ. ತಡವಾಗಿ ತಲುಪಿದರೆ ಕಡತದಲ್ಲಿ ಟಿಪ್ಪಣಿ ಬರೆದು ಮುಗಿಸಬೇಡಿ. ಕಡತಗಳು ನಮ್ಮವರೆಗೆ ಬಂದಿಲ್ಲ, ದಿನಪತ್ರಿಕೆಗಳು ಬಂದಿವೆ. ಆ ಪದ ಯಾರು ಸೂಚಿಸಿದರು, ಯಾರನ್ನು ಕೇಳಿದರು, ಅದು ಏಕೆ ತಪ್ಪು ಎಂಬುದನ್ನು ನಿಮ್ಮ ಹೆಸರು ಹಾಕಿ, ೨೦೨೭ ಮುಗಿಯುವುದರೊಳಗೆ, ಎಲ್ಲರೂ ಓದುವ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಮಂಡಳಿಯ ಮುಂದಿಡಲು ನನಗೆ ಅದೇ ದಾಖಲೆ. ಆ ವರ್ಷದ ಸಂಪುಟಗಳನ್ನು ಗ್ರಂಥಾಲಯದಿಂದ ತರಿಸಿದ್ದೇನೆ. ಜೂನ್ ಹದಿಮೂರರ ಸಂಚಿಕೆಯಿಂದ ಓದಲು ಕುಳಿತಿದ್ದೇನೆ. ಉತ್ತರ ಕೊಡಿ.

ಸದಾಶಿವ ಐತಾಳ